ಬೆಲ್ಟಿಗೆ ಒಂದು ಸೌಟು ನೀರು

ಮೊನ್ನೆ ಚೆನ್ನೈನ ಪೋರೂರಿನ ಸಿಗ್ನಲ್ಲಿನಲ್ಲಿ ನನ್ನ ಮುಂದಿದ್ದ ಹಳೆಯ ವ್ಯಾನಿನಿಂದ ಸುಟ್ಟ ರಬ್ಬರಿನ ವಾಸನೆ ಬಂತು. ಅಕ್ಕಪಕ್ಕದ ಸ್ಕೂಟರಿನವರು ಮೂಗು ಮುಚ್ಚಿಕೊಂಡರು. ನಾನು ಕಾರಿನ ಗಾಜು ಇಳಿಸಿ, ಬೆಲ್ಟ್ ಜಾರುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡ ಮೇಲೆ ಮಾಮಾ ನೆನಪಾದರು.

ಮಾಮಾ ಎಂದರೆ ನಮ್ಮ ಅಪಾರ್ಟ್‌ಮೆಂಟಿನ ಎದುರು ಮನೆಯವರು. ತಾತನ ಕಾಲದಲ್ಲೇ ಮದರಾಸು ಸೇರಿದ್ದ ಮಾಧ್ವರ ಮನೆ. ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಡುವೆಯೇ ಆಯುಷ್ಯ ಸವೆಸಿ ನಿವೃತ್ತರಾಗಿದ್ದರು. ಮೈಸೂರಿನಿಂದ ಹೊಸದಾಗಿ ಬಂದಿದ್ದ ನನಗೆ ಅವರ ಕನ್ನಡ ಹಿಡಿತಕ್ಕೆ ಸಿಗಲು ಒಂದು ವಾರ ಬೇಕಾಯಿತು. ಸದ್ದಿಗೆ ಅವರು ‘ಸತ್ತಂ’ ಎನ್ನುತ್ತಿದ್ದರು, ಸರಿಗೆ ‘ಸೆರಿ’. ನಾನು ಮಾತಾಡಿದರೆ ಅವರಿಗೂ ಒಳಗೊಳಗೇ ನಗು ಬರುತ್ತಿತ್ತೆಂದು ಮಾಮಿ ಹೇಳಿದ ಮೇಲೆ ನನಗೆ ಸಮಾಧಾನವಾಯಿತು.

ಆ ವರ್ಷ ಆಯುಧಪೂಜೆ ಮುಗಿದ ಮೇಲೆ ನಮ್ಮ ಕಾರು ಬೆಳಗಿನ ಹೊತ್ತು ಕೀಚುಗುಟ್ಟತೊಡಗಿತು. ಗ್ಯಾರೇಜಿನವನು ಬಗ್ಗಿಯೂ ನೋಡದೆ, ಬೆಲ್ಟನ್ನೂ ಅದು ಸುತ್ತುವ ಪುಲ್ಲಿಗಳನ್ನೂ ಎಲ್ಲ ಬದಲಿಸಬೇಕೆಂದ. ಮಾಮಾ ಅದನ್ನು ಕೇಳಿ, ಒಂದು ಸಲ ನಾನು ನೋಡಲಾ ಎಂದರು. ಸಂಧ್ಯಾವಂದನೆ ಮುಗಿಸಿ, ಹಣೆಯಲ್ಲಿ ಅಂಗಾರ ಅಕ್ಷತೆ, ಪಂಚೆ ಎತ್ತಿ ಕಟ್ಟಿ, ಮಾಮಿಯ ಅಡುಗೆಮನೆಯಿಂದ ಉದ್ದ ಹಿಡಿಯ ಸೌಟು ಹಿಡಿದು ಕೆಳಗಿಳಿದರು. ಹುಳಿ ಬಡಿಸಲು ಹೊರಟವರ ಹಾಗೆ ಕಾಣುತ್ತಿದ್ದರು.

ಎಂಜಿನ್ ಚಾಲೂ ಮಾಡಿಸಿ, ದೂರದಿಂದಲೇ ಸೌಟು ಚಾಚಿ ಓಡುವ ಬೆಲ್ಟಿನ ಮೇಲೆ ಚೂರು ನೀರು ಬಿಟ್ಟರು. ನನ್ನ ಮುಖವನ್ನೇ ನೋಡುತ್ತಾ ಕೇಳಿದರು: “ಸತ್ತಂ ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ?”

ಕಡಿಮೆಯಾಗಿ ಮತ್ತೆ ಬಂತು ಎಂದೆ. ಮಾಮಾ ತಲೆಯಾಡಿಸಿದರು. ಜಾಸ್ತಿಯಾಗಿದ್ದರೆ ಬೆಲ್ಟ್ ಸಡಿಲವಾಗಿ ಜಾರುತ್ತಿದೆ ಎಂದರ್ಥ, ಅಡಗಿ ಮತ್ತೆ ಬಂದರೆ ಅದು ಸೊಟ್ಟಗೆ ಓಡುತ್ತಿದೆ ಎಂದರ್ಥ ಎಂದರು. ಎಂಜಿನ್ ಆರಿಸಿ, ಕೀಲಿಯನ್ನು ಕಿತ್ತು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೆಯೇ ಒಳಗೆ ಕೈಹಾಕಿದರು. ನಾನು ಬೆಲ್ಟಿನಲ್ಲಿ ಬಿರುಕು ಹುಡುಕುತ್ತಿದ್ದೆ. ಈಗಿನ ರಬ್ಬರು ಅಷ್ಟು ಸುಲಭಕ್ಕೆ ಬಿರಿಯುವುದಿಲ್ಲ, ಚಪ್ಪಲಿಯ ಅಟ್ಟೆಯ ಹಾಗೆ ಸವೆಯುತ್ತದೆ ಎಂದು ಹೇಳಿ, ಅದರ ಗೀರುಗಳ ನಡುವೆ ಉಗುರು ಓಡಿಸಿ ಆಳ ನೋಡಿದರು. ಬೆಲ್ಟ್ ಚೆನ್ನಾಗಿತ್ತು. ಆಮೇಲೆ ಟಾರ್ಚ್ ಹಿಡಿದು ಪುಲ್ಲಿಯ ಅಂಚಿನಿಂದ ಏನನ್ನೋ ಬಿಡಿಸಿ ಬಿಡಿಸಿ ಎಳೆದರು. ಬಾಳೆನಾರು... ಅದಕ್ಕೆ ಅಂಟಿಕೊಂಡ ಎರಡು ಸೇವಂತಿಗೆ ಎಸಳು. ಪೂಜೆಯ ದಿನ ಭಕ್ತಿ ಉಕ್ಕಿ ಎಂಜಿನ್ನಿಗೇ ಹಾರ ಹಾಕಿ, ಬಾನೆಟ್ ಮುಚ್ಚಿ ಮರೆತಿದ್ದೆ.

“ಪೂಜೆ ಮಾಡಿದ್ದು ಸೆರಿ. ಮಾರನೇ ದಿನ ನಿರ್ಮಾಲ್ಯ ತೆಗೀಬೇಕಲ್ಲ ಮಾ?” ಎಂದರು. ನಾಚಿಕೆಯಿಂದ ನನ್ನ ತಲೆ ತಗ್ಗಿತು. ಕಾರು ತೆಪ್ಪಗಾಯಿತು.

ಅಂದಿನಿಂದ ಭಾನುವಾರಗಳಂದು ಅಪಾರ್ಟ್‌ಮೆಂಟಿನವರ ಕಾರುಗಳು ಅವರ ಮುಂದೆ ಬಂದು ನಿಲ್ಲತೊಡಗಿದವು. ಪ್ರತಿ ಸಲವೂ ನನ್ನನ್ನು ಕರೆಯುತ್ತಿದ್ದರು, ಪ್ರತಿ ಸಲವೂ ಅದೇ ಪ್ರಶ್ನೆ. ನನಗೆ ವಿದ್ಯೆ ಕಲಿಸುತ್ತಿದ್ದಾರೆಂದು ನಾನು ಉಬ್ಬಿಹೋಗಿದ್ದೆ. ಐದು ವರ್ಷ ಹಾಗೆ ನಡೆಯಿತು.

ಒಂದು ದಿನ ನಾನು ಆಫೀಸಿನಲ್ಲಿದ್ದಾಗ ಮೂರನೇ ಮಹಡಿಯ ಡಾಕ್ಟರಮ್ಮ ತಮ್ಮ ಕಾರು ತೋರಿಸಿದರು. ಮಾಮಾ ಒಬ್ಬರೇ ನೋಡಿ, ಏನೂ ಇಲ್ಲ, ಧೈರ್ಯವಾಗಿ ಹೋಗಿ ಎಂದರು. ಬೆಲ್ಟನ್ನು ಬಿಗಿಹಿಡಿಯುವ ಪುಟ್ಟ ಗಾಲಿ ಆಗಲೇ ಸಣ್ಣಗೆ ಕಿರುಚುತ್ತಿತ್ತಂತೆ. ಅದು ಕ್ರೋಂಪೇಟೆಯ ಹತ್ತಿರ ಸಿಕ್ಕಿಕೊಂಡು ಬೆಲ್ಟ್ ಹರಿಯಿತು, ಅದರ ಬಲದಿಂದ ತಿರುಗುತ್ತಿದ್ದ ಸ್ಟೀರಿಂಗ್ ಕಲ್ಲಿನಂತೆ ಬಿಗಿಯಾಯಿತು. ಡಾಕ್ಟರಮ್ಮ ಹೇಗೋ ಪಕ್ಕಕ್ಕೆ ನಿಲ್ಲಿಸಿ, ಆಟೋದಲ್ಲಿ ಮನೆಗೆ ಬಂದರು. ಮಾಮಾರನ್ನು ದೂರಲೂ ಇಲ್ಲ. ಆದರೆ ಮಾಮಾ ಕೆಳಗಿಳಿಯುವುದನ್ನೇ ಬಿಟ್ಟರು.

ಎರಡು ಭಾನುವಾರ ನೋಡಿ, ನಾನೇ ಅವರ ಮನೆಗೆ ಹೋದೆ. ಮಾಮಿ ಕಾಫಿ ಇಟ್ಟು ಒಳಗೆ ಹೋದರು. ಮಾಮಾ ಲೋಟವನ್ನು ಪಕ್ಕಕ್ಕೆ ಸರಿಸಿ ಹೇಳಿದರು:

“ಆ ಸಣ್ಣ ಸತ್ತಂ ನನ್ ಕಿವಿಗೆ ಬಿದ್ದು ಎಷ್ಟೋ ವರ್ಷ ಆಯ್ತು ಮಾ. ಫ್ಯಾಕ್ಟರಿಲೇ ಹೋಗಿಬಿಟ್ತು. ನಿನ್ನ ಕೇಳಿ ಕೇಳಿ ಸಮಾಳಿಸ್ತಿದ್ದೆ. ಅವತ್ತು ಹೇಳಕ್ಕೆ ವೆಕ್ಕ ಆಯ್ತು.”

ವೆಕ್ಕ ಎಂದರೆ ನಾಚಿಕೆ. ನನಗೆ ಅಳು ಬಂತು, ಜೊತೆಗೆ ಕೋಪವೂ ಬಂತು... ಐದು ವರ್ಷ ಪಕ್ಕದಲ್ಲೇ ನಿಂತು ನನಗೆ ಗೊತ್ತಾಗಲಿಲ್ಲವಲ್ಲ ಎಂದು.

“ನಂಗೆ ಕೇಳ್ಸೋದು ಬರೀ ಸದ್ದು ಮಾಮಾ. ಅದು ಏನು ಅಂತ ಹೇಳೋರು ನೀವು. ನಾನಿಲ್ದೆ ಬಾನೆಟ್ ತೆಗೀಬೇಡಿ, ಅಷ್ಟೇ,” ಎಂದೆ.

ಅವರು ಎದ್ದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಲಿಫ್ಟಿಗೂ ಕಾಯದೆ ಮೂರನೇ ಮಹಡಿಗೆ ಹತ್ತಿ, ಸಣ್ಣ ಸದ್ದು ತಮ್ಮ ಕಿವಿಗೆ ಬೀಳುವುದಿಲ್ಲವೆಂದು ಡಾಕ್ಟರಮ್ಮನ ಮುಂದೆ ಒಪ್ಪಿಕೊಂಡು ಬಂದರು. ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದು ಡಾಕ್ಟರಮ್ಮನ ಕಾರು. ಮಾಮಾ ಎಲ್ಲರೆದುರೇ ನನ್ನನ್ನು ಕೂಗಿ ಕರೆದರು. ಆಮೇಲಿನ ಎರಡು ವರ್ಷ ನಾವು ತುಂಬ ಸುಖವಾಗಿದ್ದೆವು. ನನ್ನ ಬದುಕಿನ ಒಳ್ಳೆಯ ಭಾನುವಾರಗಳು ಅವು.

ಮಾಮಾ ಹೋಗಿ ಈಗ ವರ್ಷದ ಮೇಲಾಯಿತು. ಮಾಮಿ ಮಗಳ ಮನೆಯಲ್ಲಿದ್ದಾರೆ. ಇವತ್ತು ಬೆಳಿಗ್ಗೆ ನನ್ನ ಕಾರಿನಿಂದ ಹೊಸದೊಂದು ಸದ್ದು ಬಂತು; ತೆಳ್ಳಗೆ, ಬಿಟ್ಟು ಬಿಟ್ಟು... ಎಂಜಿನ್ ಬಿಸಿಯಾದಂತೆ ಕರಗಿಹೋಯಿತು. ಎಲ್ಲವೂ ನನಗೆ ಸ್ಪಷ್ಟವಾಗಿ ಕೇಳಿಸಿತು. ಅದು ಏನೆಂದು ಮಾತ್ರ ಗೊತ್ತಾಗಲಿಲ್ಲ.