ರಕ್ತ ಕೊಟ್ಟು ಅಣ್ಣನಾದೆ

ನಾವು ಇಬ್ಬರೇ ಅಣ್ಣತಮ್ಮಂದಿರು. ಅಣ್ಣನಿಗೆ ಅರವತ್ತೆರಡು, ಗಡಹಿಂಗ್ಲಜದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ನನಗೆ ಐವತ್ತೈದು, ಇಚಲಕರಂಜಿಯ ಶಹಾಪುರದಲ್ಲಿ ನೂಲಿನ ವ್ಯಾಪಾರ. ಏಳು ವರ್ಷ ದೊಡ್ಡ ಅಂತರವೇನಲ್ಲ, ಆದರೆ ನಮ್ಮ ಮನೆತನದಲ್ಲಿ ಅಣ್ಣ ಹ್ಞೂಂ ಅನ್ನದೆ ಎಲೆ ಅಲುಗುವುದಿಲ್ಲ. ಒಮ್ಮೆ ಅವನನ್ನು ಕೇಳದೆ ನಾನು ಮೀಸೆ ಬೋಳಿಸಿಕೊಂಡಿದ್ದೆ. ಆ ದೀಪಾವಳಿಯಲ್ಲಿ ಅವನು ನನಗೆ ಹೇಳಬೇಕಾದದ್ದನ್ನೆಲ್ಲ ಗೋಡೆಗೆ ಹೇಳಿದ.

ಅಣ್ಣನ ಮಗಳು ಕೊಲ್ಹಾಪುರದಲ್ಲಿ ರಕ್ತ ತಪಾಸಣೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಅವಳ ಲಗ್ನದ ಮಾತು ನಡೆದಿದ್ದಾಗ ನಮ್ಮಿಬ್ಬರನ್ನೂ ಪರೀಕ್ಷೆ ಮಾಡಿಸಲೇಬೇಕೆಂದು ಹಟ ಹಿಡಿದಳು.

"ಜಡ್ಡು ಬಂದ ಮ್ಯಾಲ ದವಾಖಾನಿಗೆ ಓಡೂದಲ್ಲ ಕಾಕಾ. ಬರೂಕಿಂತ ಮೊದಲ ರಕ್ತಾನ ಕೇಳಬೇಕು, ಅದ ಹೇಳತೈತಿ" ಎಂದಳು.

ಒಂದು ರವಿವಾರ ಗಡಹಿಂಗ್ಲಜದ ಮನೆಯಲ್ಲಿ ಖಾಲಿ ಹೊಟ್ಟೆಯಲ್ಲಿ ಕೂತು ರಕ್ತ ಕೊಟ್ಟೆವು. ಮುಂದಿನ ರವಿವಾರ ಮತ್ತೆ ಎಲ್ಲರೂ ಸೇರಿದೆವು, ರಿಪೋರ್ಟು ಕೇಳಲು. ಹುಡುಗಿಯ ಮೊಬೈಲಿನಲ್ಲಿ ಒಂದೊಂದು ಅಂಶಕ್ಕೂ ಒಂದೊಂದು ಬಣ್ಣ: ಸರಿ ಇದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಅಣ್ಣನದು ಜೋಳದ ಹೊಲದ ಹಾಗೆ ಹಸಿರಾಗಿತ್ತು. ನನ್ನದು ಮೆಣಸಿನಕಾಯಿ ಒಣಹಾಕಿದ ಅಂಗಳ. ಕೊನೆಯಲ್ಲಿ ಎಲ್ಲವನ್ನೂ ಕೂಡಿಸಿ ಕಳೆದು 'ನಿಮ್ಮ ಶರೀರದ ವಯಸ್ಸು' ಅಂತ ಒಂದು ಸಾಲು ಇತ್ತು.

"ಪಪ್ಪಾಂದು ಐವತ್ತೊಂದು" ಎಂದು ಓದಿದಳು. ಆಮೇಲೆ ದನಿ ತಗ್ಗಿಸಿ, "ಕಾಕಾಂದು ಅರವತ್ತನಾಲ್ಕು."

ಅಣ್ಣ ಬಯ್ಯುತ್ತಾನೆಂದು ನಾನು ತಲೆ ತಗ್ಗಿಸಿ ಕೂತೆ. ಅವನು ತನ್ನ ಕೈಯಿರುವ ಕುರ್ಚಿಯಿಂದ ಎದ್ದು, ಹೆಗಲ ಮೇಲಿನ ಟವೆಲ್ಲಿನಿಂದ ಅದನ್ನು ಒರೆಸಿ, "ಬರ್ರಿ ಅಣ್ಣಾರ, ಕೂಡ್ರಿ" ಎಂದ.

ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ.

"ಖರೇನ ಹೇಳಾಕತ್ತೇನಿ. ಹಿರ್ಯಾತನ ಮಾಡಿ ಮಾಡಿ ನನಗ ಭಾಳ ಬ್ಯಾಸರ ಆಗೈತಿ. ಇನ್ನ ಮ್ಯಾಲ ಲಗ್ನದ ಮಾತು, ಮಾನಪಾನ ಎಲ್ಲಾ ನೀನ ನೋಡು. ನಾ ಸಣ್ಣಾಂವ."

ಚೇಷ್ಟೆ ಎಂದುಕೊಂಡೆ. ಮರುದಿನವೇ ಅವನು ಕೊಲ್ಹಾಪುರಕ್ಕೆ ಹೋಗಿ ಬಿಳೀ ಬೂಟು, ಹಳದಿ ಪಟ್ಟೆಯ ಟ್ರ್ಯಾಕ್ ಸೂಟು ತಂದ. ನಾಲ್ಕು ದಿನಕ್ಕೆ ಅಣ್ಣನ ಹೆಂಡತಿ, ನಮ್ಮ ವೈನಿಯ ಫೋನು ಬಂತು.

"ಹಿರ್ಯಾರ, ನಿಮ್ಮ ತಮ್ಮಾರು ಮುಂಜಾನೆದ್ದು ಮಾಳಗಿ ಮ್ಯಾಲ ಜಿಗದಾಡಾಕತ್ತಾರ. ಕೆಳಗ ನನ್ನ ಸಂಡಗಿ ಹಿಟ್ಟಿನಾಗ ಮಣ್ಣ ಉದರಾಕತ್ತೈತಿ. ನಾಕ ಮಾತ ಹೇಳ್ರಿ."

ಗಂಡಿನವರು ಕೋವಾಡದವರು. ಹುಡುಗಿಯನ್ನೂ ಕರೆದುಕೊಂಡು ಅಲ್ಲಿಗೆ ಮಾತಿಗೆ ಹೋದಾಗ ಹುಡುಗನ ಸೋದರಮಾವ ಸಹಜವಾಗಿ ಅಣ್ಣನ ಬಿಳೀ ಕೂದಲು ನೋಡಿ ಅವನಿಗೆ ಮೊದಲು ನೀರು ಕೊಟ್ಟ. ಅಣ್ಣ ತಂಬಿಗೆಯನ್ನು ನನ್ನ ಕಡೆ ಸರಿಸಿದ. ಸೋದರಮಾವ ನನ್ನ ಕಪ್ಪು ಬಳಿದ ತಲೆ ನೋಡಿದ, ಅಣ್ಣನ ತಲೆ ನೋಡಿದ.

"ಹಿರ್ಯಾರು ಯಾರ್ರಿ ಇದರಾಗ?"

"ಇವರಽ" ಎಂದು ಅಣ್ಣ ನನ್ನನ್ನು ತೋರಿಸಿ, ರಿಪೋರ್ಟಿನ ಕತೆಯನ್ನೆಲ್ಲ ಹೇಳಿದ.

"ಕಾಯ್ ಸಾಂಗತಾಯ!" ಏನು ಹೇಳುತ್ತೀರಿ ಎಂದು ಮರಾಠಿಯಲ್ಲೇ ಬೆರಗಾಗುತ್ತ ಸೋದರಮಾವ ಕಿಸೆಯಿಂದ ತನ್ನ ಮೊಬೈಲು ತೆಗೆದ. ಅವರ ಮನೆಯವರೂ ಎಲ್ಲ ಮಾಡಿಸಿದ್ದರು! ಹುಡುಗನ ತಂದೆಗೆ ಡಿ ವಿಟಮಿನ್ ಕಡಿಮೆ, ತಾಯಿಗೆ ಥೈರಾಯ್ಡ್, ಸೋದರಮಾವನಿಗೆ ಬಿ-ಹನ್ನೆರಡು ಅಷ್ಟಕ್ಕಷ್ಟೆ. ಜಾತಕದ ಕಾಗದ ಚಹಾದ ಬಶಿಯ ಕೆಳಗೆ ಹಾಗೇ ಉಳಿಯಿತು. "ನಿಮ್ಮದು ಟ್ರೈಗ್ಲಿಸರೈಡ್ ಎಷ್ಟರಿ?" "ಅಯ್ಯ, ನಮ್ಮದಕ್ಕಿಂತ ಚೊಲೊ ಐತೆಲ್ಲ!" ಎಂದು ಒಬ್ಬರನ್ನೊಬ್ಬರು ಹೊಗಳಿಕೊಂಡು ಸಂಬಂಧ ಗಟ್ಟಿ ಮಾಡಿದೆವು. ಹುಡುಗ ಹುಡುಗಿ ಬಾಗಿಲಲ್ಲಿ ನಿಂತು ತಮ್ಮನ್ನು ಯಾರಾದರೂ ಕೇಳುತ್ತಾರೇನೋ ಎಂದು ಕಾಯುತ್ತಿದ್ದರು.

ಊರಿಗೆ ಬಂದ ಮೇಲೆ ನನ್ನಾಕೆ ಸುಮ್ಮನಿರಲಿಲ್ಲ. ಅಷ್ಟೊಂದು ಕೆಂಪು ಯಾಕೆ ಎಂದು ನಮ್ಮ ಡಾಕ್ಟರ ಹತ್ತಿರ ಎಳೆದೊಯ್ದಳು. ಅವರು ರಿಪೋರ್ಟನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು:

"ರಕ್ತ ಕೊಟ್ಟಾಗ ಮೈಯಾಗ ಎಲ್ಲೆರೆ ಬಾವು ಇತ್ತೇನ್ರಿ?"

ದವಡೆ ಹಲ್ಲು ಕೆಟ್ಟು ಗಲ್ಲ ಬಾತಿತ್ತು, ಹೇಳಿದೆ. ಬಾವು ಇದ್ದರೆ ರಕ್ತದಲ್ಲಿ ಒಂದು ಅಂಶ ಏರುತ್ತದೆ, ಲೆಕ್ಕ ಹಾಕುವ ಯಂತ್ರ ಅದನ್ನು ವಯಸ್ಸಿನ ಮೇಲೆ ಹಾಕುತ್ತದೆ ಎಂದರು. "ಸಕ್ಕರಿ ಮಾತ್ರ ಖರೇನ ಅಂಚಿಗೆ ಬಂದೈತಿ. ಊಟಾದ ಮ್ಯಾಲ ಅಡ್ಡಾಡ್ರಿ. ಹಲ್ಲ ಕಿತ್ತಿಸಿ, ಮೂರ ತಿಂಗಳ ಬಿಟ್ಟು ಮತ್ತ ತಪಾಸಣಿ ಮಾಡಸ್ರಿ. ವಯಸ್ಸು ಇಳೀತೈತಿ."

ಹೊರಗೆ ಬಂದು ಗಾಡಿ ಚಾಲೂ ಮಾಡುತ್ತ ಹೆಂಡತಿಗೆ ಹೇಳಿದೆ: "ಹಲ್ಲು ಲಗ್ನ ಮುಗದ ಮ್ಯಾಲ ನೋಡೂನು."

"ಯಾಕ್ರಿ?"

ನಾನು ಗಾಡಿಯ ಕನ್ನಡಿಯಲ್ಲಿ ತಲೆಗೂದಲು ಸರಿಮಾಡಿಕೊಂಡೆ. ಅವಳಿಗೆ ಹೊಳೆಯಿತು.

"ಅಯ್ಯಯ್ಯ! ಹುಳುಕ ಹಲ್ಲ ಇಟಗೊಂಡು ಹಿರ್ಯಾತನ ಮಾಡತೀರೇನ್ರಿ?"

ಹಿಂದೆ ಕೂತು ಅವಳು ನಕ್ಕ ರಭಸಕ್ಕೆ ಗಾಡಿ ರಸ್ತೆಯುದ್ದಕ್ಕೂ ಓಲಾಡಿತು. ಏನು ಮಾಡಲಿ, ನನಗೆ ರುಚಿ ಹತ್ತಿತ್ತು. ಐವತ್ತೈದು ವರ್ಷದಲ್ಲಿ ಮೊದಲ ಸಲ ಜನ ನನ್ನನ್ನು ಕೇಳುತ್ತಿದ್ದರು: ಪೆಂಡಾಲು ಯಾವ ಬಣ್ಣದ್ದು, ಬುಂದಿಗೆ ಏಲಕ್ಕಿ ಎಷ್ಟು, ಬೀಗರಿಗೆ ಯಾವ ಖೋಲಿ. ಒಂದು ಕಡೆಯ ದವಡೆ ಹಿಡಿದುಕೊಂಡು ಎಲ್ಲದಕ್ಕೂ ಅಪ್ಪಣೆ ಕೊಟ್ಟೆ.

ಲಗ್ನದ ದಿನ ಗಡಹಿಂಗ್ಲಜದಲ್ಲಿ ಪೆಂಡಾಲು ನೋಡಿ, ಯಾಕೆ ಅನಿಸಿತೋ ಗೊತ್ತಿಲ್ಲ, "ಕುರ್ಚಿ ಎಲ್ಲಾ ಪೂರ್ವಕ್ಕ ಮುಖ ಮಾಡಿ ಹಾಕ್ರಿ" ಎಂದೆ. ಹಾಕಿದರು. ಪೂರ್ವದ ಕಡೆ ಪರದೆ ಇರಲಿಲ್ಲ. ಬಂದ ಬೀಗರೆಲ್ಲ ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಹಣೆಗೆ ಕೈ ಹಚ್ಚಿ ಕೂತರು. ವೇದಿಕೆ ಅವರ ಬೆನ್ನ ಹಿಂದೆ ಇತ್ತು. ಹಿರಿಯರು ಹೇಳಿದ್ದಾರೆಂದು ಯಾರೂ ಪಿಟ್ಟೆನ್ನಲಿಲ್ಲ.

ಅಷ್ಟರಲ್ಲಿ ಗಂಡಿನ ಮೆರವಣಿಗೆ, ವರಾತ ಬಂತು. ಹುಡುಗಿಯ ತಂದೆ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳಬೇಕು. ನಮ್ಮಣ್ಣ ಓಡಿಹೋಗಿ ವರಾತದೊಳಗೇ ಸೇರಿಕೊಂಡು, ಗಂಡಿನ ಗೆಳೆಯರ ನಡುವೆ ಎರಡೂ ಕೈ ಎತ್ತಿ ಕುಣಿಯತೊಡಗಿದ. ಧೋತರದ ಕೆಳಗೆ ಬಿಳೀ ಬೂಟು. ಹುಡುಗರು ಸಿಳ್ಳೆ ಹಾಕಿದ ಉಮೇದಿಗೆ ಕೆಳಗೆ ಬಗ್ಗಿ ಒಂದು ಸುತ್ತು ತಿರುಗಿದ. ಬಗ್ಗಿದವನು ಏಳಲಿಲ್ಲ. ಮೊದಲು ಎಲ್ಲರೂ ಅದನ್ನೂ ಕುಣಿತವೆಂದು ತಿಳಿದು ತಾವೂ ಬಗ್ಗಿದರು.

ನಾಲ್ಕು ಜನ ಅವನನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಪೆಂಡಾಲಿಗೆ ತಂದರು. ಸೊಂಟ ಹಿಡಿದು ನರಳುತ್ತಿದ್ದವನು ಒಳಗೆ ಬಂದದ್ದೇ ನರಳುವುದನ್ನು ನಿಲ್ಲಿಸಿ ಸುತ್ತ ನೋಡಿದ.

"ಯಾವ ಶಾಣ್ಯಾ ಹಿಂಗ ಕುರ್ಚಿ ಹಾಕಿಸ್ಯಾನ?"

ಕುರ್ಚಿ ಹಾಕಿದ ಹುಡುಗರು ನನ್ನ ಕಡೆ ನೋಡಿದರು.

"ನಾನ" ಎಂದೆ.

"ತಿರುವಿ ಹಾಕಸಲೇ ಮೊದಲ! ಮಂದಿ ಕರ್ರಗಾಗಾಕತ್ತಾರ!"

ಹಾಕಿಸಿದೆ. ಜನ ಎಷ್ಟು ಹಿಗ್ಗಿನಿಂದ ಎದ್ದು ತಿರುಗಿ ಕೂತರೆಂದರೆ, ನನ್ನ ಹಿರಿಯತನ ಮುಗಿಯಿತೆಂದು ಬೇರೆ ಯಾರೂ ಹೇಳಬೇಕಾಗಲಿಲ್ಲ. ಅಣ್ಣ ಒರಗಿಕೊಂಡೇ ಅಕ್ಷತೆ ಹಾಕಿದ. ಅವೆಲ್ಲ ಸೋದರಮಾವನ ತಲೆಯ ಮೇಲೆ ಬಿದ್ದವು.

ಆ ವಾರವೇ ಹಲ್ಲು ಕೀಳಿಸಿದೆ. ಊಟವಾದ ಮೇಲೆ ಅಡ್ಡಾಡುವುದನ್ನೂ ಹಿಡಿದೆ. ಮೂರು ತಿಂಗಳಿಗೆ ಹುಡುಗಿ ಗಂಡನ ಮನೆಯಿಂದ ಬಂದು ಇಬ್ಬರ ರಕ್ತವನ್ನೂ ಮತ್ತೆ ತೆಗೆಸಿದಳು. ನನ್ನದು ಐವತ್ತಾರಕ್ಕೆ ಇಳಿದಿತ್ತು. ಹಾಸಿಗೆಯಲ್ಲಿ ಮಲಗಿ ಉಳಿದ ಬುಂದಿ ಖಾಲಿ ಮಾಡಿದ ಅಣ್ಣನದು ಅರವತ್ತಮೂರಕ್ಕೆ ಏರಿತ್ತು. ಅವತ್ತು ಸಂಜೆ ಅವನೇ ಫೋನು ಮಾಡಿದ. ಸ್ವಲ್ಪ ಹೊತ್ತು ಕೆಮ್ಮಿದ.

"ನೀ ಈಗ ಏನೇನ ತಿಂತಿ?"

ಹುಟ್ಟಿದಾಗಿನಿಂದ ಅವನು ನನಗೆ ಹೇಳಿದ್ದೇ ಹೊರತು ಕೇಳಿದ್ದಿಲ್ಲ. ರೊಟ್ಟಿ, ಪಲ್ಯ, ಆಮೇಲೆ ಅರ್ಧ ತಾಸು ನಡಿಗೆ ಎಂದೆ. ಮುಂದಿನ ರವಿವಾರ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಇಚಲಕರಂಜಿಗೇ ಬಂದ. ಊಟ ಮಾಡಿ ಶಹಾಪುರದ ಗಲ್ಲಿಗಳಲ್ಲಿ ನಿಧಾನಕ್ಕೆ ಅಡ್ಡಾಡಿದೆವು. ಎರಡೂ ಕಡೆ ಮಗ್ಗಗಳ ಖಡಖಡ ಸದ್ದು. ಸಕ್ಕರೆಯ ಬಗ್ಗೆ, ನಿದ್ದೆಯ ಬಗ್ಗೆ ಡಾಕ್ಟರು ಹೇಳಿದ್ದನ್ನೆಲ್ಲ ನಾನು ಗಂಟಲು ಹರಿಯುವಂತೆ ಹೇಳುತ್ತ ನಡೆದೆ. ಅಣ್ಣನಿಗೆ ಒಂದಕ್ಷರವೂ ಕೇಳಿಸಿರಲಿಕ್ಕಿಲ್ಲ. ಹೇಳಿದ್ದಕ್ಕೆಲ್ಲ ಹ್ಞೂಂ ಎಂದು ತಲೆಯಾಡಿಸುತ್ತಿದ್ದ.