ಕೊಯ್ಯದೆ ಬಿಟ್ಟ ಎರಡು ಪಕ್ಕೆಲುಬು

ಆ ಬಡಗಿಯನ್ನು ಕೆಲಸದ ಜಾಗದಲ್ಲಿ ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಆಳು ಅಷ್ಟು ಚಿಕ್ಕವನು. ಮೇಜಿನಡಿ ಉರುಳಿದ ಮೊಳೆಯನ್ನು ಬೇರೆಯವರು ಕೋಲು ಹಾಕಿ ಎಳೆದುಕೊಂಡರೆ ಇವನು ತಾನೇ ನುಸುಳಿ ತರುತ್ತಿದ್ದ. ಮಂಚ, ಬಾಗಿಲು ಮಾಡುತ್ತಿದ್ದ ಅಪ್ಪನ ಕೈಕೆಳಗೆ ಕಲಿತವನು. ಅಪ್ಪ ಕಲಿಸಿದ್ದು ಒಂದೇ ಪಾಠ: ಮನೆ ಬಿದ್ದರೂ ಕಚ್ಚು ಬಿಡಬಾರದು. ಒಂದು ಮರದ ನಾಲಿಗೆ ಇನ್ನೊಂದರ ಬಾಯೊಳಗೆ ಕೂತಿತೆಂದರೆ, ಸೊಂಟ ಹಿಡಿದ ಮುದುಕನ ಹಾಗೆ ಮತ್ತೆ ಏಳಕೂಡದು.

ಇಂಥವನಿಗೆ ಸಿಕ್ಕಿದ್ದು ಒಡೆಯುವುದಕ್ಕೆಂದೇ ಕಟ್ಟುವ ಕೆಲಸ.

ಊರಾಚೆಯ ಹಳೆಯ ಗೋದಾಮಿನಲ್ಲಿ ದೊಡ್ಡದೊಂದು ಸಿನಿಮಾ ತಯಾರಾಗುತ್ತಿತ್ತು. ಭೂಮಿ ಕಳೆದುಕೊಂಡ ಮೂರು ಸಾವಿರ ಜನ ಒಂದು ನೌಕೆ ಹತ್ತಿ, ನಕ್ಷತ್ರಗಳ ನಡುವೆ ನೆಲ ಹುಡುಕಿಕೊಂಡು ಹೋಗುವ ಕತೆ. ಕೊನೆಗೆ ಶತ್ರುಗಳು ಆ ನೌಕೆಯನ್ನು ಸಿಡಿಸಿಬಿಡುತ್ತಾರೆ. ತೆರೆಯ ಮೇಲೆ ಪಟ್ಟಣದಷ್ಟು ಕಾಣಬೇಕಾದ ನೌಕೆ ಗೋದಾಮಿನಲ್ಲಿ ಹದಿನಾಲ್ಕು ಅಡಿ ಉದ್ದವಿತ್ತು. ಒಳಗೆ ಮರದ ಇಪ್ಪತ್ತೆರಡು ಪಕ್ಕೆಲುಬು, ಮೇಲೆ ತೆಳು ಹಲಗೆ, ಅದರ ಮೇಲೆ ಕೆಟ್ಟ ರೇಡಿಯೊ, ಗಡಿಯಾರ, ಹೊಲಿಗೆ ಯಂತ್ರಗಳ ಬಿಡಿಭಾಗ. ಕಟ್ಟಲು ಹದಿಮೂರು ತಿಂಗಳು ಹಿಡಿಯಿತು. ಮುಂಭಾಗದ ಕಿಟಕಿಗಳನ್ನು ಗುಬ್ಬಿಯ ಹೆಂಡತಿ ಮನೆಯಲ್ಲೇ ಕೂತು, ಪ್ಲಾಸ್ಟಿಕ್ ಹಾಳೆಗೆ ಕಾಯಿಸಿದ ಸೂಜಿ ಚುಚ್ಚಿ ಮಾಡಿಕೊಟ್ಟಿದ್ದಳು. ಆರುನೂರಕ್ಕೂ ಹೆಚ್ಚು. ಇಷ್ಟೊಂದು ಬೇಡ ಎಂದಾಗ, ಅಷ್ಟು ಜನಕ್ಕೆ ಗಾಳಿ ಬೇಡವೇ ಎಂದು ಕೇಳಿದ್ದಳು. ಅಲ್ಲಿ ಗಾಳಿಯೇ ಇಲ್ಲ ಎಂದು ಅವನು ತಿಳಿಸಿ ಹೇಳಿದ ಮೇಲೂ ಅವಳ ಸೂಜಿ ನಿಲ್ಲಲಿಲ್ಲ.

ಕೆಲಸದ ಯಜಮಾನಿಕೆ ಮೇಸ್ತ್ರಿಯದು. ಅರವತ್ತರ ಹತ್ತಿರದ, ಕಂಬದಂಥ ಆಳು. ಟೇಪು ಮುಟ್ಟದೆ ಕಣ್ಣಳತೆಯಲ್ಲೇ ಹಲಗೆ ಕೊಯ್ಯುತ್ತಿದ್ದರು. ಆಮೇಲೆ ಯಾರಾದರೂ ಅಳೆದರೆ ಕೂದಲೆಳೆಯ ವ್ಯತ್ಯಾಸವೂ ಸಿಗುತ್ತಿರಲಿಲ್ಲ.

ಸಿಡಿಸುವ ದಿನ ಬಂತು. ಸಿಡಿಮದ್ದು ಇಟ್ಟ ಮಾತ್ರಕ್ಕೆ ನೌಕೆ ಚೆನ್ನಾಗಿ ಒಡೆಯುವುದಿಲ್ಲ. ಮೊದಲೇ ಒಳಗಿನ ಪಕ್ಕೆಲುಬುಗಳನ್ನು ಮುಕ್ಕಾಲು ಪಾಲು ಕೊಯ್ದಿಟ್ಟಿರಬೇಕು. ಆಗ ಮದ್ದು ಒಂದು ನೂಕು ಕೊಟ್ಟರೆ ಸಾಕು, ಎಲ್ಲವೂ ಒಟ್ಟಿಗೆ ಬಿಚ್ಚಿಕೊಳ್ಳುತ್ತದೆ. ಎಲ್ಲಿ, ಎಷ್ಟು ಕೊಯ್ಯಬೇಕು, ಎಷ್ಟು ಮದ್ದು ಎಂಬುದೆಲ್ಲ ಮೇಸ್ತ್ರಿಯ ಲೆಕ್ಕ. ಹೊಟ್ಟೆಯೊಳಗೆ ತೂರಿ ಕೊಯ್ಯಲು ಸಾಧ್ಯವಿದ್ದದ್ದು ಗುಬ್ಬಿಗೆ ಮಾತ್ರ.

ಬೆಳಿಗ್ಗೆ ಅವನು ಗರಗಸದ ತುಂಡು ಹಿಡಿದು ಒಳಗೆ ಹೋದ. ಹಿಂಭಾಗದಿಂದ ಶುರುಮಾಡಿ ಇಪ್ಪತ್ತು ಪಕ್ಕೆಲುಬು ಕೊಯ್ದ. ಕೊನೆಯ ಎರಡರ ಮುಂದೆ ಅಂಗಾತ ಮಲಗಿದಾಗ ಹೊರಗಿನ ಬೆಳಕು ಹೆಂಡತಿಯ ಕಿಟಕಿಗಳಿಂದ ಅವನ ಅಂಗಿಯ ಮೇಲೆ ಅಕ್ಕಿ ಚೆಲ್ಲಿದಂತೆ ಬಿದ್ದಿತ್ತು. ಗರಗಸ ಎತ್ತಿದ. ಕೈ ಬರಲಿಲ್ಲ. ಎರಡೇ ತಾನೆ, ಮದ್ದಿನ ಮುಂದೆ ಇವೇನು ಮಹಾ ಎಂದು ತನಗೆ ತಾನೇ ಹೇಳಿಕೊಂಡ.

"ಎಲ್ಲಾ ಕೊಯ್ದಾಯ್ತೇನೋ ಗುಬ್ಬಿ?" ಹೊರಗಿನಿಂದ ಮೇಸ್ತ್ರಿ ಕೇಳಿದರು.

"ಆಯ್ತು ಮೇಸ್ತ್ರಿ."

ಆರು ಕ್ಯಾಮೆರಾ ತಿರುಗಿದವು. ಹಿಂದಿನ ಭಾಗ ಹಿಟ್ಟಾಗಿ ಚೆದುರಿತು. ಮುಂಭಾಗ ಮಾತ್ರ ಕಿತ್ತುಕೊಂಡು ಬಂದು, ಕಿಟಕಿಗಳ ಒಳದೀಪ ಆರದೆ, ನೌಕೆಯನ್ನು ತೂಗುಹಾಕಿದ್ದ ತಂತಿಯಲ್ಲಿ ನಿಧಾನವಾಗಿ ತಿರುಗುತ್ತ ಉಳಿಯಿತು. ನಿರ್ದೇಶಕ ತಲೆಯ ಟೋಪಿ ತೆಗೆದು ನೆಲಕ್ಕೆ ಬಡಿದ. ಇನ್ನೊಂದು ನೌಕೆ ಇರಲಿಲ್ಲ, ಕಟ್ಟಲು ಇನ್ನೊಂದು ವರ್ಷವೂ ಇರಲಿಲ್ಲ. ನಲವತ್ತು ಜನರ ಎದುರು ಮೇಸ್ತ್ರಿ ಮುಂದೆ ಬಂದು, "ಲೆಕ್ಕ ನಂದು, ತಪ್ಪೂ ನಂದೇ" ಎಂದರು. ಗುಬ್ಬಿ ಗುಂಪಿನ ಹಿಂದಕ್ಕೆ ಸರಿದ. ಮೇಸ್ತ್ರಿ ಆ ಸಂಜೆಯೇ ಚೀಲ ಹೆಗಲಿಗೇರಿಸಿ ಹೊರಟರು. ಗೇಟಿನ ಬಳಿ ಗುಬ್ಬಿಯ ಬೆನ್ನು ತಟ್ಟಿ, ನೀನು ಚೆನ್ನಾಗಿ ಮಾಡಿದ್ದೆ, ಕೆಡಿಸಿದ್ದು ನಾನು ಎಂದು ಹೇಳಿ ಹೋದರು.

ಎಂಟು ತಿಂಗಳಿಗೆ ಸಿನಿಮಾ ಬಿಡುಗಡೆಯಾಯಿತು. ಟಿಕೆಟ್ಟಿನ ಸಾಲು ಥಿಯೇಟರಿನ ಗೋಡೆ ಸುತ್ತಿ, ಪಕ್ಕದ ಕ್ಷೌರದಂಗಡಿಯ ಬಾಗಿಲಿಗೆ ಅಡ್ಡ ಬಂತು. ಅರ್ಧ ಗಡ್ಡ ಬೋಳಿಸಿಕೊಂಡವನೊಬ್ಬ ಸಾಲು ಮುಂದೆ ಸರಿಯಿತೆಂದು ಎದ್ದು ಓಡಿದ ಸುದ್ದಿ ಊರೆಲ್ಲ ಹಬ್ಬಿತು. ಹೆಂಡತಿಯ ಕಾಟಕ್ಕೆ ಗುಬ್ಬಿಯೂ ಹೋದ. ನೌಕೆ ಸಿಡಿಯಿತು. ಶಿಳ್ಳೆ ಬಿತ್ತು. ಹೊಗೆ ಕರಗಿದಾಗ, ಒಡೆಯದ ಮುಂಭಾಗ ಸಣ್ಣ ಸಣ್ಣ ಬೆಳಕು ಹೊತ್ತುಕೊಂಡು ಕತ್ತಲೆಯೊಳಗೆ ತೇಲಿಹೋಯಿತು. ಸಂಕಲನಕಾರ ಅದನ್ನು ಕತ್ತರಿಸದೆ ಪೂರ್ತಿ ಉಳಿಸಿಕೊಂಡಿದ್ದ. ಅದರೊಳಗೆ ಜನ ಬದುಕಿದ್ದಾರೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಥಿಯೇಟರಿನಲ್ಲಿ ಶಿಳ್ಳೆ ನಿಂತಿತು. ಮುಂದಿನ ಸಾಲಿನ ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಆ ದೃಶ್ಯ ತನಗೆ ಕನಸಿನಲ್ಲಿ ಹೊಳೆದದ್ದೆಂದು ನಿರ್ದೇಶಕ ಪತ್ರಿಕೆಗೆ ಹೇಳಿದ. ಸಿನಿಮಾ ಇಪ್ಪತ್ತೈದು ವಾರ ಓಡಿತು. ಎರಡನೆಯ ಭಾಗಕ್ಕೆ ಗೋದಾಮು ಮತ್ತೆ ತೆರೆದಾಗ ಗುಬ್ಬಿಯನ್ನೇ ಮೇಸ್ತ್ರಿ ಮಾಡಿದರು. ಆ ಸುದ್ದಿ ಕೇಳಿ ಹೆಂಡತಿ ಸಂತೋಷಪಟ್ಟಳು. ಗಂಡನ ಮುಖದಲ್ಲಿ ಮಾತ್ರ ಸಂತೋಷ ಕಾಣಲಿಲ್ಲ. ಅವಳು ಬಿಡದೆ ಕೇಳಿದ ಮೇಲೆ ಅವನು ಎಲ್ಲ ಹೇಳಿದ. ಅವಳು ಒಂದೇ ಮಾತು ಕೇಳಿದಳು.

"ಮೇಸ್ತ್ರಿಗೆ ಗೊತ್ತಾ?"

ಮಾರನೆಯ ಭಾನುವಾರ ಅವನು ಮೇಸ್ತ್ರಿಯ ಮನೆಗೆ ಹೋದ. ಹಿತ್ತಿಲಲ್ಲಿ ಮೇಸ್ತ್ರಿ ಅಡುಗೆಮನೆಯ ಗೂಡಿಗೆ ಎರಡಡಿ ಹಲಗೆ ಕೊಯ್ಯಲು ಕೂತಿದ್ದರು. ಟೇಪು ಹಿಡಿದು ಅಳೆದರು, ಗುರುತು ಹಾಕಿದರು, ಅಳಿಸಿದರು, ಮತ್ತೆ ಅಳೆದರು. ನಾಲ್ಕನೆಯ ಸಲ ತಮ್ಮ ಹೆಂಡತಿಯನ್ನು ಕರೆದು, ಇದು ಎಷ್ಟಿದೆ ಓದು ಎಂದರು. ಆಕೆ ಅಳತೆ ಓದಿ, ಗುಬ್ಬಿಯ ಕಡೆ ನೋಡಿ, "ಬಾಪ್ಪಾ, ನೀನಾದ್ರೂ ಹೇಳು. ಇವ್ರು ಕೆಲಸ ಬಿಟ್ಟು ಮೊಳೆ ಅಂಗಡೀಲಿ ತಕ್ಕಡಿ ಹಿಡೀತಾವ್ರೆ" ಎಂದು ಒಳಗೆ ಹೋದರು.

ಗುಬ್ಬಿ ನಿಂತುಕೊಂಡೇ ಹೇಳಿದ. ತಡವರಿಸಿದ, ಆದರೆ ಏನೂ ಬಿಡಲಿಲ್ಲ.

"ಎಷ್ಟು ಬಿಟ್ಟೆ?" ಮೇಸ್ತ್ರಿ ಕೇಳಿದರು.

"ಎರಡು. ಮುಂದಿನವು."

ಮೇಸ್ತ್ರಿ ಟೇಪನ್ನು ನಿಧಾನವಾಗಿ ಸುತ್ತಿ ನೆಲದ ಮೇಲಿಟ್ಟರು.

"ಹದಿನೈದು ತಿಂಗಳು ಕಣೋ. ವಯಸ್ಸಾಯ್ತು, ಕಣ್ಣು ಹೋಯ್ತು, ಕೈ ಕೆಟ್ಟೋಯ್ತು ಅಂದ್ಕೊಂಡೆ. ಗೋದಾಮಿನೋರು ಯಾರಿಗೂ ಮುಖ ತೋರಿಸ್ಲಿಲ್ಲ."

ಗುಬ್ಬಿ ತಲೆ ತಗ್ಗಿಸಿದ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ.

"ನಂಗೆ ಹೇಳಿದ್ದಾಯ್ತು. ಆವತ್ತು ಅಲ್ಲಿ ನಲವತ್ತು ಜನ ಇದ್ರು" ಎಂದರು. ಅವನು ಹೊರಟಾಗ ಹಿಂದಿನಿಂದ ಇನ್ನೊಂದು ಮಾತು ಬಂತು: "ಸದ್ಯಕ್ಕೆ ಈ ಕಡೆ ಬರ್ಬೇಡ. ನಾನೇ ಹೇಳಿ ಕಳಿಸ್ತೀನಿ."

ಸೋಮವಾರ ಊಟದ ಹೊತ್ತಿಗೆ ಗೋದಾಮಿನಲ್ಲಿ ಎಲ್ಲರೂ ಡಬ್ಬಿ ಬಿಚ್ಚಿ ಕೂತಿದ್ದರು. ನಿರ್ದೇಶಕನೂ ಅಲ್ಲೇ ಇದ್ದ. ಗುಬ್ಬಿ ಎದ್ದು ನಿಂತ. ನಿಂತರೂ ಹಿಂದಿನವರಿಗೆ ಕಾಣಲಿಲ್ಲವಾದ್ದರಿಂದ ಒಂದು ಪೆಟ್ಟಿಗೆಯ ಮೇಲೆ ಹತ್ತಿದ. ಭಾಷಣವೋ, ಹಾಡೋ ಎಂದು ಯಾರೋ ಕೆಣಕಿದರು.

"ಆವತ್ತು ಮೇಸ್ತ್ರಿ ಲೆಕ್ಕ ಸರಿಯಾಗೇ ಇತ್ತು. ಎರಡು ಪಕ್ಕೆ ನಾನು ಕೊಯ್ಲಿಲ್ಲ. ಕೊಯ್ದೆ ಅಂತ ಸುಳ್ಳು ಹೇಳ್ದೆ."

ಯಾರೂ ನಗಲಿಲ್ಲ. ಕನಸಿನ ಕತೆ ಹೇಳಿದ್ದ ನಿರ್ದೇಶಕ ತನ್ನ ಡಬ್ಬಿಯ ಮುಚ್ಚಳ ಹಾಕಿದ. ಒಳಗೆ ತೂರಿ ಸುಳ್ಳು ಹೇಳುವವನ ಕೈಗೆ ಮದ್ದಿನ ಕೆಲಸ ಕೊಡಲಾಗದು ಎಂದು ಸಂಜೆಗೆ ಗುಬ್ಬಿಗೆ ತಿಳಿಸಿದರು. ಅವನಿಗೂ ಅದು ಸರಿ ಎನಿಸಿತು. ಮೇಸ್ತ್ರಿಯನ್ನು ಕರೆತರಲು ಕಾರು ಹೋಯಿತು ಎಂಬುದನ್ನು ಮಾತ್ರ ಕೇಳಿಸಿಕೊಂಡು ಉಳಿ, ಗರಗಸ ಕಟ್ಟಿಕೊಂಡು ಬಂದ.

ಅಪ್ಪನ ಹಳೆಯ ಅಂಗಡಿಯಲ್ಲಿ ಮತ್ತೆ ಮಂಚ, ಬಾಗಿಲು ಮಾಡತೊಡಗಿದ. ಎರಡನೆಯ ಭಾಗವೂ ಬಂದು ಹೋಯಿತು, ಅವನು ನೋಡಲಿಲ್ಲ. ಮೇಸ್ತ್ರಿ ಹೇಳಿ ಕಳಿಸಲು ಎರಡು ವರ್ಷ ಹಿಡಿಯಿತು. ಮಗಳ ಹೊಸ ಮನೆಗೆ ಬಾಗಿಲು ಕೂರಿಸಬೇಕಂತೆ, ಒಬ್ಬರೇ ಹಿಡಿದು ನಿಲ್ಲಿಸಲು ಆಗುವುದಿಲ್ಲವಂತೆ. ಗುಬ್ಬಿ ಕೈಯಲ್ಲಿದ್ದ ಕೆಲಸವನ್ನು ಅಲ್ಲೇ ಬಿಟ್ಟು ಹೋದ. ದಿನವೆಲ್ಲ ಇಬ್ಬರೂ ಬಾಗಿಲಿನ ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಂತು, ಸ್ವಲ್ಪ ಎತ್ತು, ಸ್ವಲ್ಪ ಇಳಿಸು ಎನ್ನುವುದನ್ನು ಬಿಟ್ಟು ಬೇರೇನೂ ಮಾತಾಡಲಿಲ್ಲ.