ಸೂಲಗಿತ್ತಿ ತಟ್ಟದೆ ಮುಚ್ಚಿದ ಬಲೆ

ನನ್ನ ಗಂಡನಿಗೆ ಜೊತೆ ಕೆಲಸದವರು ಇಟ್ಟ ಹೆಸರು ಸೂಲಗಿತ್ತಿ. ತಾರಸಿಯ ಮೇಲಿನ ಸೋಲಾರ್ ಪ್ಯಾನೆಲ್‌ಗಳ ಅಡಿಗೆ ಪಾರಿವಾಳಗಳು ನುಗ್ಗಿ ಗೂಡು ಕಟ್ಟದಂತೆ ಸುತ್ತಲೂ ತಂತಿಬಲೆ ಹಾಕುವುದು ಇವರ ಕೆಲಸ. ಕೊನೆಯ ಬದಿ ಮುಚ್ಚುವ ಮೊದಲು ಬೋರಲು ಮಲಗಿ, ಟಾರ್ಚಿನ ಬೆಳಕು ಬಿಟ್ಟು, ಚೌಕಟ್ಟನ್ನು ತಟ್ಟಿ ಕಿವಿಗೊಡುತ್ತಾರೆ. ಮರಿಯ ಸದ್ದು ಕೇಳಿದರೆ ಮುಗಿಯಿತು, ಅದು ಹಾರುವವರೆಗೂ ಆ ಬದಿ ತೆರೆದೇ ಇರಬೇಕು. ಮನೆಯವರು ಎಷ್ಟು ಬಯ್ದರೂ ಅಷ್ಟೇ.

ಈ ವ್ಯಾಪಾರ ಭಾವನವರದು. ಮನೆಯೂ ಅವರದೇ. ನಾವಿರುವುದು ಬಲೆಯ ಸುರುಳಿಗಳನ್ನು ಪೇರಿಸಿಟ್ಟ ಹಿಂದಿನ ಕೋಣೆಯಲ್ಲಿ. ಮಂಚದಿಂದ ಇಳಿದರೆ ಕಾಲಿಗೆ ತಂತಿ ಚುಚ್ಚುತ್ತದೆ. ಕಿಟಕಿ ತೆಗೆಯಬೇಕಾದರೂ ಓರಗಿತ್ತಿಯ ಮುಖ ನೋಡಬೇಕು. ಸ್ವಂತ ತಮ್ಮನಿಗೆ ಸಂಬಳ ಯಾಕೆ, ಊಟ ಹಾಕ್ತಿಲ್ವಾ ಎನ್ನುವುದು ಭಾವನವರ ನ್ಯಾಯ. ನನಗೆ ಅಲ್ಲಿ ಉಸಿರು ಕಟ್ಟುತ್ತಿತ್ತು. ಈಗಲೂ ಕಟ್ಟುತ್ತದೆ, ಸುಳ್ಳೇಕೆ ಹೇಳಲಿ.

ಹೀಗಿರುವಾಗ ಇವರಿಗೆ ನೀರಿನ ಪಂಪ್‌ಹೌಸಿನಲ್ಲಿ ಕೆಲಸ ಸಿಕ್ಕಿತು. ಇರಲು ಎರಡು ಕೋಣೆ ಬೇರೆ. ಸೋಮವಾರ ಮಧ್ಯಾಹ್ನದೊಳಗೆ ಬಂದು ಬೀಗದ ಕೈ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಮುಂದಿನವರಿಗೆ ಎಂದು ಅಲ್ಲಿಯ ಸಾಹೇಬರು ಕಡ್ಡಿ ಮುರಿದಂತೆ ಹೇಳಿದ್ದರು. ನಾನು ಪಾತ್ರೆಗಳನ್ನೆಲ್ಲ ಗಂಟು ಕಟ್ಟಿದೆ.

ಆ ಸೋಮವಾರ ಬೆಳಗ್ಗೆ ಭಾವನವರ ದನಿ ಬೆಣ್ಣೆಯಾಗಿತ್ತು. "ಹೋಗಪ್ಪ, ಬೇಡ ಅನ್ನಲ್ಲ. ದಾರೀಲೇ ಒಂದು ಮನೆ ಇದೆ, ಮೂರು ಬದಿ ಆಗಿದೆ. ಉಳಿದಿದ್ದು ಮುಚ್ಚಿಬಿಟ್ಟು ಹೋಗು. ಗೂಡು ಗೀಡು ಏನೂ ಇಲ್ಲ, ನಿನ್ನೆ ನಾನೇ ನೋಡಿದ್ದೀನಿ."

ಅಣ್ಣ ನೋಡಿದ್ದಾನಲ್ಲ ಎಂದು ಇವರು ಅಂದು ತಟ್ಟಲಿಲ್ಲ. ಬಲೆ ಮುಚ್ಚಿ ಏಣಿಗೆ ಕಾಲಿಟ್ಟಾಗ ಒಳಗಿಂದ ಚಿಂವ್ ಚಿಂವ್ ಕೇಳಿಸಿತು. ತಾಯಿಹಕ್ಕಿ ಬಲೆಯ ಹೊರಗೆ ಅತ್ತಿತ್ತ ಓಡಾಡುತ್ತಿತ್ತು. ಬಲೆಯನ್ನು ಪ್ಯಾನೆಲ್ಲಿಗೆ ಹಿಡಿದಿಡುವ ಕ್ಲಿಪ್ಪು ಒಮ್ಮೆ ಕೂತರೆ ಬಿಚ್ಚಲು ಬರುವುದಿಲ್ಲ, ಒಂದೊಂದನ್ನೂ ಕತ್ತರಿಸಬೇಕು. ಕತ್ತರಿಸಿದರು. ಅಲ್ಲಿಗೆ ಬಿಟ್ಟು ಓಡಬಾರದೆ? ಬೆದರಿದ ತಾಯಿ ಒಳಗೆ ಹೋಗುವುದನ್ನು ಕಣ್ಣಾರೆ ಕಾಣುವವರೆಗೂ ಈ ಮಹಾರಾಯರು ನೀರಿನ ಟ್ಯಾಂಕಿನ ಹಿಂದೆ ಅಡಗಿ ಕೂತರು. ಪಂಪ್‌ಹೌಸ್ ತಲುಪುವಷ್ಟರಲ್ಲಿ ಬೀಗದ ಕೈ ಬೇರೆಯವರ ಜೇಬು ಸೇರಿತ್ತು.

ನಾನು ಬಾಯಿಗೆ ಬಂದಂತೆ ಬಯ್ದೆ. "ಹಕ್ಕಿಗೇನೋ ಮನೆ ಉಳಿಸಿದ್ರಿ. ಹೆಂಡ್ತಿಗೆ?"

"ನಂದೇ ತಪ್ಪು ಕಣೇ, ತಟ್ಟಿ ನೋಡಬೇಕಿತ್ತು. ಅಣ್ಣಂಗೆ ಪಾಪ ಕಾಣಿಸಿರಲ್ಲ, ಕಣ್ಣು ಮಂಜಾಗಿದೆ," ಎಂದರು.

ಸಂಜೆ ನೀರು ತರಲು ಹೋದಾಗ ಅಡುಗೆಮನೆಯಲ್ಲಿ ಭಾವನವರು ಓರಗಿತ್ತಿಗೆ ಹೇಳುತ್ತಿದ್ದುದು ಬಾಗಿಲಾಚೆ ಕೇಳಿಸಿತು. "ಎರಡು ಮರಿ ಇದ್ವು, ನೋಡಿದ್ದೆ. ಇವತ್ತಿಗೆ ಅಂತಾನೇ ಆ ಮನೆ ಉಳಿಸಿಟ್ಟಿದ್ದೆ. ಮರಿ ಕೂಗಿದ್ರೆ ಬಿಟ್ಟು ಹೋಗೋನಲ್ಲ ಅವನು." ಇಬ್ಬರೂ ನಕ್ಕರು.

ಬರಿ ತಂಬಿಗೆ ಹಿಡಿದೇ ಕೋಣೆಗೆ ಬಂದೆ. ಇವರು ಗಂಟು ಬಿಚ್ಚಿ ಪಾತ್ರೆಗಳನ್ನು ಗೋಡೆಯ ಬದಿಗೆ ಜೋಡಿಸುತ್ತಿದ್ದರು, ಸದ್ದಾದರೆ ಅಣ್ಣನಿಗೆ ಬೇಜಾರಾದೀತೆಂದು ಒಂದೊಂದಾಗಿ, ಮೆಲ್ಲಗೆ. ಕೇಳಿದ್ದನ್ನೆಲ್ಲ ಹೇಳಿಬಿಡಲು ಬಾಯಿ ತೆರೆದೆ.

"ಆ ಬದಿ ಹಾಗೇ ಬಿಟ್ಟು ಬಂದಿದ್ದೀನಿ ಕಣೇ," ಎಂದರು ಇವರು, ತಲೆಯೆತ್ತದೆ. "ಮರಿ ಹಾರಿದ ಮೇಲೆ ಹೋಗಿ ಮುಚ್ಚಬೇಕು. ಇಲ್ದಿದ್ರೆ ಅಣ್ಣನ ಹೆಸರು ಕೆಡುತ್ತೆ."

ಇಂಥವರಿಗೆ ಏನೆಂದು ಹೇಳಲಿ? ಅಳು ನುಗ್ಗಿ ಬಂತು. ಇಂದಲ್ಲ ನಾಳೆ ಹೊರಡಲೇಬೇಕೆಂದು ಅವರ ಕೈಯಲ್ಲಿದ್ದ ಪಾತ್ರೆಯನ್ನು ಕಸಿದು ಮತ್ತೆ ಗಂಟಿಗೆ ಹಾಕಿದೆ.